ಜೋಕಾಲಿ ಕಂಬಕ್ಕೆ ಮಾವನವರ ಕೌದಿ

ನಮ್ಮ ಮಾವ ಕುಬೇರಪ್ಪನವರು ಕಲಬುರಗಿಯಲ್ಲಿ ನೀರಿನ ಟ್ಯಾಂಕುಗಳನ್ನು ಕಟ್ಟಿಸಿ ನಿವೃತ್ತರಾದ ಎಂಜಿನಿಯರು. ಈಗ ಡಬ್ಲಿನ್ನಿನ ನಮ್ಮ ಮನೆಯಲ್ಲಿದ್ದಾರೆ. ಇಡೀ ಬೀದಿಯ ಡ್ರೈವ್‌ವೇ ಬಿರುಕುಗಳ ಮೇಲ್ವಿಚಾರಣೆ ಅವರದೇ. ಯಾರೂ ಕೇಳಿಲ್ಲ ಎಂಬುದು ಬೇರೆ ಮಾತು.

ಜನವರಿಯಲ್ಲಿ ನನ್ನ ಕುಬಸ, ಅಂದರೆ ಸೀಮಂತ, ನಿಗದಿಯಾಯಿತು. ಬಸುರಿ ಸೊಸೆಯನ್ನು ಜೋಕಾಲಿಯಲ್ಲಿ ಕೂರಿಸಿಯೇ ಉಡಿ ತುಂಬಬೇಕೆಂದು ಅತ್ತೆ ಬಂಗಾರೆವ್ವನವರ ಆಸೆ. ವಾರ ಮೊದಲು ಮಾವನವರು ಹಿತ್ತಲಲ್ಲಿ ಕಂಬ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟು ಹಾಕಿದರು. ನನ್ನ ಗಂಡ ಆಕಾಶ ಹೆದರುತ್ತಲೇ ಹೇಳಿದ, “ಅಪ್ಪಾ, ಥಂಡಿ ಭಾಳ ಐತಿ. ಬ್ಲಾಂಕೆಟ್ ಹೊಚ್ಚಬೇಕಂತ ಸಿಮೆಂಟ್ ಅಂಗಡ್ಯಾಂವ ಅಂದ.”

“ಕಾಂಕ್ರೀಟಿಗೆ ಹಾಸಿಗಿ ಹಾಸಿಕೊಡ್ಲೇನು? ನೀರು ಹೊಡದ್ರ ಮುಗೀತು!”

ಹೊಡೆದರು, ಬೆಳಿಗ್ಗೆ ಸಂಜೆ, ಸ್ವೆಟರು ಮಂಕಿಕ್ಯಾಪು ಹಾಕಿಕೊಂಡು, ತಾವು ಗಡಗಡ ನಡುಗುತ್ತ. ಕಾಂಕ್ರೀಟು ಗಟ್ಟಿಯಾಗಲು ಬೇಕಾದ ಕಾವು ಕಲಬುರಗಿಯಲ್ಲಿ ಪುಕ್ಕಟೆ. ಅಲ್ಲಿ ನೀರೊಂದನ್ನು ನೋಡಿಕೊಂಡರೆ ಸಾಕಿತ್ತು. ಇಲ್ಲಿ ಆ ತಣ್ಣೀರು ಕಾಂಕ್ರೀಟಿಗಿದ್ದ ಅಷ್ಟಿಷ್ಟು ಬಿಸಿಯನ್ನೂ ಕಿತ್ತುಕೊಂಡಿತು.

ಕುಬಸದ ಹಿಂದಿನ ದಿನ ಮಾವನವರು ಕಾಂಕ್ರೀಟನ್ನು ಮೊಳೆಯಿಂದ ಕೆರೆದು ನೋಡಿದರು. ಪುಡಿ ಉದುರಿತು. ಆಮೇಲೆ ತಮ್ಮ ಹಾಸಿಗೆಯ ಕೌದಿಯನ್ನೇ ತಂದರು. ಕಂಬದ ಬುಡಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಕೌದಿ ಹೊದಿಸಿ, ಅಂಚುಗಳನ್ನು ಒಳಗೆ ಮಡಚಿದರು. ಅತ್ತೆ ಕಿಟಕಿಯಿಂದ ನೋಡಿ, “ಜೋಗುಳಾನೂ ಹಾಡ್ರಿ,” ಎಂದರು.

ಆದರೆ ಚಳಿಯಲ್ಲಿ ಕಳೆದುಹೋದ ಒಂದು ವಾರವನ್ನು ಒಂದು ರಾತ್ರಿಯ ಕೌದಿ ತುಂಬಿಕೊಡುವುದಿಲ್ಲ. ಮರುದಿನ ಜನ ಬಂದರು. ಜೋಕಾಲಿಗೆ ಹೂವು ಸುತ್ತಿಯಾಗಿತ್ತು. ಹಸಿರು ಸೀರೆಯುಟ್ಟು ನಾನು ಇನ್ನೇನು ಕೂರಬೇಕು, ಮಾವನವರು ಅಡ್ಡ ನಿಂತರು.

“ಸ್ನೇಹಲ್ ಕುಂದರೋದು ಬ್ಯಾಡ. ಕಾಂಕ್ರೀಟು ಗಟ್ಟಿ ಆಗಿಲ್ಲ. ಥಂಡಿ ಲೆಕ್ಕ ನಾ ಹಿಡೀಲಿಲ್ಲ. ತಪ್ಪು ನಂದು.”

“ಅಂಕಲ್, ಒಂದು ಫೋಟೋಗೆ ಅಷ್ಟೇ. ಇವಳೊಬ್ಬಳ ಭಾರ ಎಷ್ಟಿರತ್ತೆ?” ಎಂದಳು ಬೆಂಗಳೂರಿನ ಗೆಳತಿ ಹಂಸಾ.

“ಒಬ್ಬಾಕಿ ಅಲ್ಲ ತಂಗಿ, ಇಬ್ಬರು ಕುಂದರತಾರ.”

ನನಗೆ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ‘ತಪ್ಪು ನಂದು’ ಎಂಬ ಮಾತು ಕೇಳಿರಲಿಲ್ಲ. ಅತ್ತೆ ಜೋಕಾಲಿಯ ಹೂವು ಬಿಚ್ಚಿ ಊಟದ ಕುರ್ಚಿಗೆ ಕಟ್ಟಿ, ನನ್ನನ್ನು ಅದರಲ್ಲೇ ಕೂರಿಸಿದರು.

ಬೇಸಿಗೆಯಲ್ಲಿ ಮಗಳನ್ನು ಎತ್ತಿಕೊಂಡು ಜೋಕಾಲಿಗೆ ಹೋದರೆ, ಮೊದಲು ಲೋಡ್ ಟೆಸ್ಟ್ ಆಗಬೇಕೆಂದು ಮಾವನವರು ತಡೆದರು. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೂಗತೊಡಗಿದರು. ಊಟದ ಹೊತ್ತಾದರೂ ಟೆಸ್ಟು ಮುಗಿಯಲಿಲ್ಲ.