ಹಿತ್ತಿಲಿಗೆ ಹೋದ ಬೆಂಚು

ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಈರಕ್ಕ ಮಾತಾಡುತ್ತಾರೆ. ತರೀಕೆರೆಯ ಆಸ್ಪತ್ರೆಗೆ ಮನಸ್ಸಿನ ಕಾಯಿಲೆಯ ಡಾಕ್ಟರು ತಿಂಗಳಿಗೊಮ್ಮೆ ಬರುವ ಮಂಗಳವಾರ ಇದು. ಹಿತ್ತಿಲ ಬೆಂಚಿನ ಸುತ್ತ, ಅವರಿಗೆ ತೋರಿಸಲು ಬಂದ ಹರೆಯದ ಹುಡುಗ ಹುಡುಗಿಯರು ಕಲ್ಲು ಹಿಡಿದು ಹಣ್ಣು ಜಜ್ಜುತ್ತಿದ್ದಾರೆ. ಹಣ್ಣು ಪಕ್ಕದ ಹೋಟೆಲಿನದು. ಕೂಲಿ, ಒಂದೊಂದು ತಟ್ಟೆ ಉಪ್ಪಿಟ್ಟು.

"ಲೇ, ಬೀಜ ತೆಗಿ ಅಂದ್ರೆ ಹಣ್ಣು ತಿಂತಾ ಕೂತಿದೀಯಲ್ಲೋ."

"ರುಚಿ ನೋಡ್ದೆ ಕಣಕ್ಕ."

"ಬೆಳಗಿಂದ ಅದನ್ನೇ ನೋಡ್ತಿದೀಯ."

ಚೌಳಹಿರಿಯೂರಿನ ಈರಕ್ಕ ಗಂಡ ತೀರಿಕೊಂಡ ಮೇಲೆ, ಎಪ್ಪತ್ನಾಲ್ಕನೇ ಇಸವಿಯಲ್ಲಿ, ಇಲ್ಲಿ ಆಯಾ ಆಗಿ ಸೇರಿದವರು. ಈ ಡಾಕ್ಟರು ಬರತೊಡಗಿದಾಗ, ಒಮ್ಮೆ ಬಂದ ಹುಡುಗರು ಮತ್ತೆ ಬರುತ್ತಿರಲಿಲ್ಲ. ಮಾತ್ರೆಯ ಕಹಿಗಲ್ಲ.

"ಬೆಂಚು ರಸ್ತೆಗೆ ಮುಖ ಮಾಡಿತ್ತು ಕಣ್ರೀ. ಬಸ್ಸು ಅಲ್ಲೇ ನಿಲ್ತಿತ್ತು. ಕಿಟಕೀಲಿ ಬಗ್ಗಿ ಬಗ್ಗಿ ನೋಡೋರು. ಸಂಜೆಗೆ ಊರಿಗೆಲ್ಲ ಗೊತ್ತು. ಯಾರು ಬತ್ತಾರೆ ಹೇಳಿ?"

ಯಾರನ್ನೂ ಕೇಳದೆ ಬೆಂಚನ್ನು ಹಿತ್ತಿಲಿಗೆ ಎಳೆದರು. ಹಿಂದಿನ ಗೇಟು ತೆರೆಸಿದರು. ಸುಮ್ಮನೆ ಕೂತರೆ ದಿಗಿಲು ಹೆಚ್ಚುತ್ತದೆಂದು ಹುಣಸೆ ತಂದು ಸುರಿದರು. ಡಾಕ್ಟರು ಏನಂದರು?

"ಅವ್ರೂ ಕುಂತ್ಕೊಂಡು ಬಿಡಿಸಿದ್ರು. ಅಂಟು ಕೈಯಲ್ಲೇ ಚೀಟಿ ಬರೆದ್ರು."

ಎಲ್ಲರೂ ಉಳಿದಿಲ್ಲ. ಮದುವೆ ಗೊತ್ತಾದ ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ. ಆ ಮಾತು ಬಂದಾಗ ಮಾತ್ರ ಈರಕ್ಕನ ಕೈ ನಿಲ್ಲುತ್ತದೆ.

ಅಮೃತಾಪುರದ ಮಲ್ಲಿಕಾರ್ಜುನ ಉಳಿದವನು. "ಪೇಪರಲ್ಲಿ ಹೆಸರು ಹಾಕಿ, ಪರವಾಗಿಲ್ಲ" ಎಂದು ನನಗೆ ಹೇಳಿದವನೂ ಅವನೇ. ಕಾಯಿಲೆಗೆ ಮುಂಚೆ ಕಡೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಹುಷಾರಾಗಿದ್ದರೆ ಬಾ ಎಂದು ಅಂಗಡಿಯ ಷಣ್ಮುಖಪ್ಪನವರು ಹೇಳಿಕಳಿಸಿ ಅರ್ಧ ವರ್ಷವಾಯಿತು. ಹೋದರೆ ಈ ಮಂಗಳವಾರ ತಪ್ಪುತ್ತದೆ. ಯಾವ ಕಾಯಿಲೆಯೆಂದು ಅವರಿಗೆ ಗೊತ್ತಿಲ್ಲ; ರಜೆ ಕೇಳಿದರೆ ಕಾರಣ ಹೇಳಬೇಕು. ಬರೆಯಲು ತಂದ ಇನ್‌ಲ್ಯಾಂಡ್ ಕಾಗದ ಜೇಬಿನಲ್ಲೇ ಮಾಸಿದೆ.

"ಹೊಟ್ಟೆನೋವು ಅಂತ ಬರೀಲಾ ಅಕ್ಕ?"

"ಬರಿ. ಮುಂದಿನ ತಿಂಗ್ಳು ಹಲ್ಲುನೋವು. ಆಮೇಲೆ ಯಾವ ನೋವು ಉಳಿಸ್ಕೊಂಡಿದೀಯಪ್ಪಾ?"

ಅವನಿಗೇ ನಗು ತಡೆಯುವುದಿಲ್ಲ. ಕಾಗದವನ್ನು ಬೆಂಚಿನ ಮೇಲೆ ಹರಡಿ ಬರೆದು, ಓದಿ ಹೇಳುತ್ತಾನೆ: "ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ತಿಂಗಳಿಗೊಂದು ಮಂಗಳವಾರ ರಜೆ ಬೇಕು."

ನಿಮಗೇನು ಬೇಕು ಎಂದು ಈರಕ್ಕನನ್ನು ಕೇಳುತ್ತೇನೆ.

"ಇನ್ನೊಂದು ಬೆಂಚು. ಇದು ಸಾಲ್ತಿಲ್ಲ."

ಅಂಚೆ ಡಬ್ಬಿ ಇರುವುದು ಬಸ್ಸು ನಿಲ್ಲುವ ಜಾಗದಲ್ಲಿ. ಮಲ್ಲಿಕಾರ್ಜುನ ಹಿಂದಿನ ಗೇಟಿನ ಕಡೆ ಒಮ್ಮೆ ನೋಡಿ, ಮುಂಬಾಗಿಲಿನಿಂದಲೇ ಹೊರಡುತ್ತಾನೆ. ಅಮೃತಾಪುರದ ಬಸ್ಸು ನಿಂತಿದೆ.

"ಏನಪ್ಪಾ, ಇಲ್ಲಿ?" ಕಿಟಕಿಯಿಂದ ಊರಿನವರೊಬ್ಬರು ಬಗ್ಗುತ್ತಾರೆ.

"ಮಾತ್ರೆ ತಗೊಳಕ್ಕೆ ಬಂದಿದ್ದೆ ಕಣಣ್ಣ."

ಕಾಗದ ಹುಣಸೆಯ ಬೆರಳಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಸಲ ತಳ್ಳುತ್ತಾನೆ. ಒಳಗೆ ಬೀಳುತ್ತದೆ.