ರಾಮೇಶ್ವರದಲ್ಲಿ ಕಳೆದ ಕರಡಿಗೆ

ನಾನು ಅರಕಲಗೂಡಿನ ಶಾಲೆಯಲ್ಲಿ ಮೇಡಂ ಆಗಿದ್ದೆ. ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ, ಹಾಸನದಿಂದ ಹೊರಟ ಟೂರಿಸ್ಟ್ ಬಸ್ಸಿನಲ್ಲಿ ಅವ್ವನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋದೆ. ಮಲ್ಲಿಪಟ್ಟಣದ ಹೊಲಮನೆ ಬಿಟ್ಟು ಕದಲದ ಅವಳಿಗೆ ಸಮುದ್ರ ತೋರಿಸಿಯೇ ತೀರಬೇಕೆಂಬ ಹಟ ನನ್ನದು.

ಆ ಹಟದಲ್ಲೇ ಮಾಡಬಾರದ್ದನ್ನೂ ಮಾಡಿದೆ. ನೀರಿಗಿಳಿಯುವ ಮುಂಚೆ, ಅವ್ವನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಬಿಚ್ಚಿಕೊಡು ಎಂದು ಪೀಡಿಸಿದೆ. ದಾರ ಹಳೆಯದು, ಅಲೆಗೆ ಕಿತ್ತುಹೋದರೆ ಏನು ಗತಿ?

"ಬಾಣಂತನದಾಗೂ ಬಿಚ್ಚಿಲ್ಲ ಕಣವ್ವ ನಾನು," ಎಂದಳು.

"ನನ್ ಮೇಲೆ ನಂಬ್ಕೆ ಇಲ್ವಾ?"

ಆ ಮಾತಿಗೆ ಸೋತು ಬಿಚ್ಚಿಕೊಟ್ಟಳು. ಕರ್ಚೀಫಿನಲ್ಲಿ ಗಂಟು ಕಟ್ಟಿ ಕೈಯಲ್ಲೇ ಹಿಡಿದುಕೊಂಡೆ.

ಅವ್ವ ಬಸ್ಸಿನ ಹೆಂಗಸರ ಜೊತೆ ನೀರಾಡುತ್ತಿದ್ದಳು. ನಾನು ಊರು ನೋಡಲು ಹೊರಟೆ. ಶಂಖದ ಮೇಲೆ ಹೆಸರು ಕೆತ್ತುವ ಅಂಗಡಿಗಳು, ಒಣಮೀನು ಹರವಿದ ಓಣಿ, ದಡಕ್ಕೆಳೆದ ದೋಣಿಗಳು, ಎಲ್ಲವನ್ನೂ ಬಾಯಿಬಿಟ್ಟುಕೊಂಡು ನೋಡಿದೆ. ಕಪ್ಪೆಚಿಪ್ಪಿನ ಸರ ಕೊಂಡೆ, ಎಳನೀರು ಕುಡಿದೆ.

ಲಾಡ್ಜಿಗೆ ಬಂದ ಮೇಲೆ ಅವ್ವ ಮಡಿ ಸೀರೆಯುಟ್ಟು, ವಿಭೂತಿ ಧರಿಸಿ, ಪೂಜೆಗೆ ಕೂತು ಎಡ ಅಂಗೈ ಚಾಚಿದಳು. ನನ್ನ ವೈರಿನ ಬುಟ್ಟಿಯಲ್ಲಿ ಸರವಿತ್ತು, ಬಾಚಣಿಗೆಯಿತ್ತು. ಕರ್ಚೀಫಿರಲಿಲ್ಲ.

ಲಿಂಗಪೂಜೆಯಾಗದೆ ಅವ್ವ ಹನಿ ನೀರೂ ಮುಟ್ಟುವವಳಲ್ಲ. ಬಿಪಿ ಮಾತ್ರೆಗೂ ಗುಟುಕು ನೀರು ಬೇಡವೆಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

"ಎಲ್ಲೆಲ್ಲಿ ಓಗಿದ್ದೆ, ತೋರ್ಸು ನಡಿ."

ಸಿಗುವ ತನಕ ನಾನೂ ನೀರು ಕುಡಿಯುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದೆ. ನೋಡಿದ ಊರನ್ನೇ ಮತ್ತೆ ನೋಡಿದೆ. ಈ ಸಲ ಕಂಡದ್ದು ನೆಲ ಮಾತ್ರ. ತಮಿಳು ಬಾರದೆ ಕೊರಳು ಮುಟ್ಟಿ, ಕೈಮುಗಿದು ತೋರಿಸಿದರೆ ಶಂಖದಂಗಡಿಯವರು ಸರ ತೆಗೆದು ತೋರಿಸಿದರು. ಬಿಸಿಲಿಗೆ ಅವ್ವನ ತುಟಿ ಒಣಗಿತ್ತು. ಕೂತ್ಕೋ ಎಂದರೆ ಕೂರಲಿಲ್ಲ. ಪರಊರಿನಲ್ಲಿ ಅವ್ವನನ್ನು ನಾನೇ ಕೊಂದೆನೇನೋ ಎಂದು ಜೀವ ಹಾರಿಹೋಯಿತು.

ಕೊನೆಗೆ ಸಿಕ್ಕಿದ್ದು ಎಳನೀರಿನ ಗಾಡಿ. ಮಾರುವ ಹೆಂಗಸು ನನ್ನನ್ನು ಕಂಡದ್ದೇ "ಸಾಮಿ, ಸಾಮಿ" ಎನ್ನುತ್ತಾ ತನ್ನ ಕೊರಳಿಗೆ ಕೈಹಾಕಿದಳು. ಅವಳ ತಾಳಿಯ ಪಕ್ಕದಲ್ಲೇ ಅವ್ವನ ಕರಡಿಗೆ ತೂಗುತ್ತಿತ್ತು. ಎರಡು ಕೈಯಲ್ಲಿ ಕಾಯಿ ಹಿಡಿಯುವಾಗ ಗಂಟನ್ನು ಗಾಡಿಯ ಮೇಲಿಟ್ಟು ಮರೆತಿದ್ದೆ. ದೇವರ ವಸ್ತು ಕೆಳಗಿಡಬಾರದೆಂದು ಹಾಕಿಕೊಂಡೆ ಎಂದು ಅವಳು ಸನ್ನೆಯಲ್ಲೇ ತಿಳಿಸಿದಳು.

ನನಗೆ ಹೊಸ ಭಯ. ಸೊಸೆಯರಿಗೂ ಮುಟ್ಟಗೊಡದ ಅವ್ವ, ಬೇರೆಯವರು ಧರಿಸಿದ್ದನ್ನು ಒಪ್ಪುತ್ತಾಳೆಯೇ? "ಅವ್ವ, ಪಾಪ ಅವ್ಳಿಗೆ ಗೊತ್ತಿಲ್ದೆ..." ಎಂದು ಶುರುಮಾಡಿದೆ.

"ಸುಮ್ಕಿರು. ನೀನು ಕೈಯಾಗಿಟ್ಕಂಡು ಕಳ್ದೆ. ಈ ತಾಯಿ ಕೊಳ್ಳಾಗೆ ಆಕ್ಕಂಡು ಉಳ್ಸವ್ಳೆ."

ಅಲ್ಲೇ ಗಾಡಿಯ ನೆರಳಲ್ಲಿ ಕೂತು, ಲಿಂಗಕ್ಕೆ ಎಳನೀರಿನ ಅಭಿಷೇಕ ಮಾಡಿ, ಆ ಹೆಂಗಸಿಗೆ ವಿಭೂತಿ ಹಚ್ಚಿ, ಆಮೇಲೆ ಕುಡಿದಳು. ನಾನು ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ, ಬಸ್ಸು ಹೊರಡುವ ಮುಂಚೆ ಅವ್ವ ಮತ್ತೆ ಸಮುದ್ರಕ್ಕಿಳಿಯಲು ಹೊರಟಳು. ಕರಡಿಗೆ ಕೊರಳಲ್ಲೇ ಇತ್ತು. ನಾನು ಹಿಂದಿನ ದಿನದ ಹಾಗೇ ಕೈ ಚಾಚಿದೆ. ಅವ್ವ ಒಂದು ಗಳಿಗೆ ನನ್ನ ಕೈಯನ್ನೇ ನೋಡಿದಳು. ಆಮೇಲೆ ಕಾಲಲ್ಲಿದ್ದದ್ದನ್ನು ಬಿಚ್ಚಿ ಮುಂದೆ ತಳ್ಳಿದಳು.

"ನೀನು ಚಪ್ಲಿ ನೋಡ್ಕೊ ಮಗ."