ಲೆಸ್ ಅಂದರೆ ಕಡಿಮೆ

ಅವಳು ಬಟ್ಟೆ ಹೊಲಿಯುವವಳಲ್ಲ, ಹೊಲಿದದ್ದನ್ನು ಸರಿಮಾಡುವವಳು. ದರ್ಜಿ ಅಂಗಡಿಯ ಮೂಲೆಯಲ್ಲಿ ಅವಳದೊಂದು ಮಿಷನ್ನು. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಮೈ ಬಂದವರ ಅಂಗಿಯ ಪಕ್ಕ ಬಿಚ್ಚಿ ಅಗಲ ಮಾಡಿಕೊಡುವುದು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಗಿರಾಕಿಗಳ ಬಾಯಲ್ಲಿ ಅವಳು ಜಿಪ್ಪಕ್ಕ. ಅದರ ಬಗ್ಗೆ ಅವಳಿಗೆ ಬೇಜಾರೂ ಇರಲಿಲ್ಲ.

ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಪಂಪು, ಫ್ಯಾನು, ತೂಕದ ಯಂತ್ರಗಳ ಡಬ್ಬಿಯೊಳಗೆ ಇಂಗ್ಲಿಷ್ ಪುಸ್ತಿಕೆ ಒಂದು ಬರುತ್ತದಲ್ಲ, ಅದನ್ನು ಮೊದಲಿಂದ ಕೊನೆಯವರೆಗೆ ಓದಿದ ಏಕೈಕ ಮನುಷ್ಯ ತಾನು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳು, ನನಗೂ ನಾಲ್ಕು ಇಂಗ್ಲಿಷ್ ಮಾತು ಹೇಳಿಕೊಡಿ ಎಂದು ಕೇಳಿದ್ದುಂಟು. ಎರಡು ದಿನ ಹೇಳಿಕೊಟ್ಟ. ಮೂರನೆಯ ದಿನ ಅವಳ ಉಚ್ಚಾರಣೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಕೆಟ್ಟ ನಗುವೇನಲ್ಲ. ಆದರೂ ಅವಳು ಪುಸ್ತಕ ಮುಚ್ಚಿದಳು, ಆಮೇಲೆ ಅವನು ಎಷ್ಟು ಗೋಗರೆದರೂ ತೆರೆಯಲಿಲ್ಲ.

ಇಂಗ್ಲಿಷ್ ಇಲ್ಲದೆ ಅವರಿಗೇನೂ ಕೊರತೆಯಾಗಲಿಲ್ಲ ಅನ್ನಿ. ಮಕ್ಕಳಿರಲಿಲ್ಲ, ಇಬ್ಬರಿಗೂ ಮಾತೇ ಆಸ್ತಿ. ಅವನು ಅಚ್ಚುಕೂಟದ ಸುದ್ದಿ ತರುತ್ತಿದ್ದ, ಅವಳು ಯಾರ ಸೊಂಟ ಎಷ್ಟು ಇಂಚು ಬೆಳೆಯಿತು ಎಂಬ ಸುದ್ದಿ ತರುತ್ತಿದ್ದಳು. ಹೆಸರು ಹಿಡಿದು ಕರೆದವನಲ್ಲ. ಬಾಗಿಲಲ್ಲೇ ಚಪ್ಪಲಿ ಬಿಡುತ್ತ, "ಇವಳೇ, ಇವತ್ತೇನಾಯ್ತು ಗೊತ್ತಾ?" ಎಂದು ಶುರುಮಾಡುತ್ತಿದ್ದ.

ಒಂದು ಬೆಳಿಗ್ಗೆ ಷರ್ಟು ಹಾಕಿಕೊಳ್ಳುತ್ತಿದ್ದವನು ಮೂರನೆಯ ಗುಂಡಿಗೆ ಬಂದು ನಿಂತ. ಬಲಗೈ ಜೋತುಬಿತ್ತು, ಬಾಯಿ ಸೊಟ್ಟಗಾಯಿತು. ಆಸ್ಪತ್ರೆ ಸೇರಿದ ಆರನೆಯ ದಿನ ಮಾತು ಬಂತು. ಬಂದದ್ದು ಮನೆಮಾತಲ್ಲ. "ವಾಟರ್" ಅಂದ. ನೀರು ಅನ್ನಿ ಎಂದು ಅವಳು ಹೇಳಿಸಲು ಹೋದರೆ, ಅವಳ ತುಟಿಯನ್ನೇ ನೋಡುತ್ತ ಕಣ್ಣೀರು ಹಾಕಿದ, ನೀರು ಅನ್ನಲಿಲ್ಲ.

ತಲೆಯಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಎರಡು ಭಾಷೆ ಬಲ್ಲವರಲ್ಲಿ ಕೆಲವರಿಗೆ ಒಂದು ಪೂರ್ತಿ ಹೋಗಿ, ಇನ್ನೊಂದು ಚೂರುಪಾರು ಉಳಿದುಬಿಡುತ್ತದಂತೆ. ಇನ್ನೊಂದು ಮಾತೂ ಹೇಳಿದರು. ಇಂಥವರಿಗೆ ಹೌದು, ಅಲ್ಲ ಎರಡೂ ಅದಲುಬದಲಾಗುತ್ತವೆ, ತಲೆಯಾಡಿಸಿದ್ದನ್ನು ನಂಬಿಕೊಂಡು ಕೂರಬೇಡಿ. ಅವಳು ಅದನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಂಡಳು.

ಮಾತಿನ ಅಭ್ಯಾಸ ಮಾಡಿಸಲು ಆಸ್ಪತ್ರೆಯಲ್ಲಿ ಒಬ್ಬಳು ಡಾಕ್ಟರಮ್ಮ ಇದ್ದಳು. ತುಂಬು ಗರ್ಭಿಣಿ. ಎರಡು ಸಲ ಮಾಡಿಸುವಷ್ಟರಲ್ಲಿ ರಜೆಗೆ ಹೊರಟಳು. ಹೋಗುವ ಮುಂಚೆ ಒಂದು ನೋಟುಬುಕ್ಕು ಕೊಟ್ಟು, ಅವರು ಏನೇ ಅಂದರೂ ನಿಮಗೆ ಕೇಳಿಸಿದ ಹಾಗೆ ಬರೆದಿಡಿ, ನಾಲ್ಕು ತಿಂಗಳಿಗೆ ಬಂದು ನೋಡುತ್ತೇನೆ ಅಂದಳು.

ಮನೆಗೆ ಬಂದ ಮೇಲೆ ಅವನ ಬಾಯಿಂದ ದಿನಕ್ಕೆ ಎರಡೋ ಮೂರೋ ಮಾತು. ಅವಳು ಸೀಮೆಸುಣ್ಣದಲ್ಲಿ ಬಟ್ಟೆಯ ಅಳತೆ ಗುರುತು ಹಾಕುವಷ್ಟೇ ಎಚ್ಚರಿಕೆಯಿಂದ ಬರೆದಳು. ಸೋಪ್. ವಿಂಡೋ. ಟೂ ಹಾಟ್. ಇವು ಅವಳಿಗೂ ಗೊತ್ತಿದ್ದವು. ಎರಡನೆಯ ವಾರ ಮಧ್ಯಾಹ್ನ ಊಟವಾದ ಮೇಲೆ ಅವಳ ಮಣಿಕಟ್ಟು ಹಿಡಿದು ಹೊಸ ಮಾತೊಂದು ಅಂದ. "ರೆಸ್ಟ್‌ಲೆಸ್."

ಇದರಲ್ಲಿ ತಿಳಿಯದ್ದೇನಿದೆ? ರೆಸ್ಟ್ ಯಾರಿಗೆ ಗೊತ್ತಿಲ್ಲ? ಲೆಸ್ ಅಂತೂ ಅಂಗಡಿಯಲ್ಲಿ ದಿನಬೆಳಗಾದರೆ ಕೇಳುವ ಮಾತು. ಸ್ವಲ್ಪ ಲೆಸ್ ಮಾಡಿ ಜಿಪ್ಪಕ್ಕ ಅನ್ನದ ಗಿರಾಕಿಯೇ ಇಲ್ಲ. ಲೆಸ್ ಅಂದರೆ ಕಡಿಮೆ. ರೆಸ್ಟ್ ಕಡಿಮೆಯಾಗಿದೆ ಅನ್ನುತ್ತಿದ್ದಾರೆ, ಪಾಪ. ಅವಳಿಗೆ ಆ ಹೊತ್ತಿನಲ್ಲೂ ಒಳಗೊಳಗೇ ಹಿಗ್ಗಾಯಿತು. ಯಾರನ್ನೂ ಕೇಳದೆ ನಾನೇ ಒಂದು ಇಂಗ್ಲಿಷ್ ಮಾತು ಬಿಡಿಸಿದೆನಲ್ಲ! ಕಿಟಕಿಯ ಪರದೆ ಎಳೆದಳು, ಫ್ಯಾನು ನಿಧಾನ ಮಾಡಿದಳು, ಹೊದಿಕೆ ಹೊದಿಸಿದಳು. "ಮಲ್ಕೊಳ್ಳಿ, ನಾನು ಸದ್ದು ಮಾಡಲ್ಲ" ಎಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು.

ಮರುದಿನವೂ ಅದೇ ಮಾತು, ಅದರ ಮರುದಿನವೂ. ಇಷ್ಟು ಕೊಟ್ಟರೂ ಸಾಲುತ್ತಿಲ್ಲವಲ್ಲ ಎಂದು ಅವಳು ಹೊತ್ತು ಹೆಚ್ಚಿಸಿದಳು. ಅವನು ತಲೆ ಅಡ್ಡ ಆಡಿಸುತ್ತಿದ್ದ, "ನೋ, ನೋ" ಅನ್ನುತ್ತಿದ್ದ. ಡಾಕ್ಟರು ಹೇಳಿದ್ದು ನೆನಪಿತ್ತಲ್ಲ, ಅವಳು ಅದನ್ನು ಹೌದು ಎಂದೇ ತೆಗೆದುಕೊಂಡಳು. ತಿಂಗಳು ಕಳೆಯುವುದರೊಳಗೆ ಎರಡರಿಂದ ಐದರವರೆಗೆ ಅಂಗಡಿಗೂ ಹೋಗತೊಡಗಿದಳು. ಹೇಗೂ ಮಲಗಿರುತ್ತಾರೆ, ನಾನಿದ್ದರೆ ಪಾತ್ರೆ ಸದ್ದು, ಓಡಾಟದ ಸದ್ದು ಎಂದು ದರ್ಜಿಗೆ ಹೇಳಿದಳು. ಬಂದು ನೋಡಿದರೆ ಹೊದಿಕೆ ನೆಲದ ಮೇಲಿರುತ್ತಿತ್ತು, ಅವನು ಬಾಗಿಲ ಕಡೆಗೇ ಮುಖ ಮಾಡಿ ಕಣ್ಣು ಬಿಟ್ಟುಕೊಂಡಿರುತ್ತಿದ್ದ. ಈಗಷ್ಟೇ ಎಚ್ಚರವಾಗಿರಬೇಕು ಅಂದುಕೊಳ್ಳುತ್ತಿದ್ದಳು.

ನಾಲ್ಕನೆಯ ತಿಂಗಳ ಕೊನೆಗೆ ಇನ್ನೊಂದು ಹೊಡೆತ ಬಿತ್ತು. ಬೆಳಿಗ್ಗೆ ಮುಖ ಒರೆಸುವಾಗ ಅವಳ ತೋಳಿನ ಮೇಲೆಯೇ ಒರಗಿದ. ಈ ಸಲ ಆಸ್ಪತ್ರೆಯಲ್ಲಿ ಮಾತೂ ಬರಲಿಲ್ಲ, ನೋಟವೂ ಯಾರ ಮೇಲೆ ನಿಲ್ಲಲಿಲ್ಲ. ಡಾಕ್ಟರಮ್ಮ ರಜೆ ಮುಗಿಸಿ ಬಂದವಳು ಸುದ್ದಿ ತಿಳಿದು ವಾರ್ಡಿಗೇ ಬಂದಳು. ಇವಳು ಚೀಲದಿಂದ ನೋಟುಬುಕ್ಕು ತೆಗೆದುಕೊಟ್ಟಳು. ಹೇಳಿದ ಕೆಲಸವನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಡಾಕ್ಟರಮ್ಮ ಹಾಳೆ ಮಗುಚುತ್ತ ಹೋದಳು, ಒಂದು ಕಡೆ ನಿಲ್ಲಿಸಿದಳು. ಈ ಮಾತು ಇಷ್ಟೊಂದು ಸಲ ಇದೆಯಲ್ಲ, ಇದನ್ನು ಅಂದಾಗ ನೀವೇನು ಮಾಡುತ್ತಿದ್ದಿರಿ ಎಂದು ಕೇಳಿದಳು. ಇವಳು ಪರದೆ ಎಳೆದದ್ದು, ಅಂಗಡಿಗೆ ಹೋದದ್ದು ಎಲ್ಲ ಹೇಳಿದಳು. ರೆಸ್ಟ್ ಸಾಲದು ಅಂತಿದ್ರು, ಕೊಡುತ್ತಿದ್ದೆ ಅಂದಳು.

ಡಾಕ್ಟರಮ್ಮ ನೋಟುಬುಕ್ಕು ಮುಚ್ಚಿದಳು. ಅರ್ಥ ಹೇಳದೆ ಬಿಟ್ಟಿದ್ದರೆ ಬಿಡಬಹುದಿತ್ತು. ಆದರೆ ಇವಳೇ ಬಿಡಲಿಲ್ಲ. "ಯಾಕಮ್ಮ, ಲೆಸ್ ಅಂದ್ರೆ ಕಡಿಮೆ ಅಲ್ವಾ?"

"ಬೇರೆ ನಿಂತಾಗ ಕಡಿಮೆ ಅಂತಲೇ ಅರ್ಥ. ಮಾತಿನ ಕೊನೆಗೆ ಅಂಟಿಕೊಂಡ್ರೆ ಇಲ್ಲವೇ ಇಲ್ಲ ಅಂತ. ಯೂಸ್‌ಲೆಸ್ ಅಂತೀವಲ್ಲಮ್ಮ, ಸ್ವಲ್ಪ ಉಪಯೋಗ ಇದೆ ಅಂತಾನಾ?"

"ಹಂಗಾದ್ರೆ ಇದು?"

"ನೆಮ್ಮದಿ ಇಲ್ಲ, ಮಲಗಿರೋಕಾಗ್ತಿಲ್ಲ ಅಂತ. ಜೊತೇಲಿ ಯಾರಾದ್ರೂ ಇರಲಿ ಅನ್ನಿಸಿರಬಹುದು." ನೋಟುಬುಕ್ಕು ವಾಪಸು ಕೊಡುತ್ತ, "ನಾನೇ ಒಂದು ಸಲ ಫೋನ್ ಮಾಡಬೇಕಿತ್ತು" ಅಂದಳು.

ಯೂಸ್‌ಲೆಸ್. ಹಾಳಾದ ಜಿಪ್ಪಿಗೆ, ಸವೆದ ಕತ್ತರಿಗೆ ಅವಳೇ ಸಾವಿರ ಸಲ ಬೈದ ಮಾತು. ಒಂದು ಸಲವಾದರೂ ಬಿಡಿಸಿ ನೋಡಿರಲಿಲ್ಲ. ಅವಳು ಎದ್ದು ನೀರಿನ ನಲ್ಲಿಯವರೆಗೆ ಹೋಗಿ, ಯಾಕೆ ಬಂದೆ ಎಂದು ತಿಳಿಯದೆ ವಾಪಸು ಬಂದಳು.

ಅಲ್ಲಿಂದ ಹನ್ನೊಂದು ದಿನ ಆ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ವಾರ್ಡಿನ ಆಯಾ ಒತ್ತಾಯ ಮಾಡಿ ಬಾಯಿಗೆ ಇಟ್ಟದ್ದು ತಿಂದಳು. ಅವನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಸಮ ಮಾತಾಡಿದಳು. ದರ್ಜಿಯ ಕನ್ನಡಕ ಒಡೆದದ್ದು, ದಪ್ಪ ಮೇಷ್ಟ್ರು ಅದೇ ಪ್ಯಾಂಟನ್ನು ಮೂರನೆಯ ಸಲ ಅಗಲ ಮಾಡಿಸಿಕೊಂಡದ್ದು, ನಾಲ್ಕು ತಿಂಗಳ ಬಾಕಿ ಸುದ್ದಿಯೆಲ್ಲ. ನಡುನಡುವೆ, "ನಂಗೆ ಗೊತ್ತಾಗ್ಲಿಲ್ಲ ರೀ. ಗೊತ್ತಿದ್ರೆ ಹೋಗ್ತಿದ್ನಾ?" ಅನ್ನುತ್ತಿದ್ದಳು. ಬೆರಳು ಬೆಚ್ಚಗಿತ್ತು ಅಷ್ಟೇ, ಹಿಡಿಯಲಿಲ್ಲ. ಕೇಳಿಸಿತೋ ಇಲ್ಲವೋ ಹೇಳಬಲ್ಲವರು ಯಾರೂ ಇರಲಿಲ್ಲ. ಹನ್ನೆರಡನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹೋಗಿಬಿಟ್ಟ.

ಮನೆಗೆ ಮಾತಾಡಿಸಲು ಜನ ಬಂದರು. ನಾದಿನಿ ಬಂದವರಿಗೆಲ್ಲ ಹೇಳುತ್ತಿದ್ದಳು: ಅತ್ತಿಗೆ ನೋಡಿಕೊಂಡ ಹಾಗೆ ಯಾರೂ ನೋಡಿಕೊಳ್ಳಲ್ಲ, ಮಧ್ಯಾಹ್ನ ಒಂದು ಸೂಜಿ ಬಿದ್ದ ಸದ್ದೂ ಆಗದ ಹಾಗೆ ಇಟ್ಟಿದ್ದಳು, ಅಣ್ಣ ಸುಖವಾಗಿ ರೆಸ್ಟ್ ತಗೊಂಡು ಹೋದ. ಬಂದವರು ಅವಳ ಕೈ ಹಿಡಿದು, ಪುಣ್ಯವಂತೆ ಕಣಮ್ಮ ಅಂದರು. ಅವಳು ಯಾರನ್ನೂ ತಿದ್ದಲಿಲ್ಲ. ತಿದ್ದಬೇಕೆಂದರೆ ಮೊದಲಿನಿಂದ ಹೇಳಬೇಕಿತ್ತು. ಎಲ್ಲರಿಗೂ ಕೂರಲು ಜಾಗ ಮಾಡಿ, ತಾನು ಒಳಕೋಣೆಗೆ ಹೋಗಿ ಖಾಲಿ ಮಂಚದ ತುದಿಯಲ್ಲಿ ಕೂತಳು. ಕಿಟಕಿಯ ಪರದೆ ತೆರೆದೇ ಇತ್ತು, ಬಿಸಿಲು ಚೆಲ್ಲಿತ್ತು. ನಾದಿನಿ ಬಾಗಿಲಲ್ಲಿ ನಿಂತು, ಬಾಗಿಲು ಎಳೆದುಕೊಳ್ಳಲಾ ಅತ್ತಿಗೆ, ಸ್ವಲ್ಪ ಹೊತ್ತು ಮಲಗ್ತೀಯಾ ಎಂದು ಮೆಲ್ಲಗೆ ಕೇಳಿದಳು.

"ಬೇಡ" ಅಂದಳು ಅವಳು. "ನೀನೂ ಇಲ್ಲೇ ಕೂತ್ಕೋ."